ರೋಮಿನ ಅಮಲ್ದಾರರು

ಡಯಾಲಿಸಿಸ್ ವಾರ್ಡಿನಲ್ಲಿ ನನ್ನ ಗಂಡ ಯಾವತ್ತೂ ಬಲಗಡೆಗೆ ಮುಖ ತಿರುಗಿಸಿಯೇ ಮಲಗುತ್ತಿದ್ದರು. ಎಡಗಡೆ ಮೆಷಿನ್ ಇತ್ತು. ತಮ್ಮ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ಮತ್ತೆ ಒಳಗೆ ಬರುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ. ಬಲಗಡೆ ಸ್ಟೂಲಿನ ಮೇಲೆ ನಾನು ಕೂರುತ್ತಿದ್ದೆ. ಹಾಗಾಗಿ ಅಷ್ಟು ಹೊತ್ತೂ ಅವರು ನನ್ನನ್ನೇ ನೋಡುತ್ತಿದ್ದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಅವರು ತರಕಾರಿ ವ್ಯಾಪಾರಿ. ಭೀಮನಬೀಡಿನಲ್ಲಿ ಹೊಲ, ಗುಂಡ್ಲುಪೇಟೆಯಲ್ಲಿ ಮನೆ. ಬೀನ್ಸು, ಬೀಟ್‌ರೂಟು, ಸಣ್ಣೀರುಳ್ಳಿ ಲೋಡು ಮಾಡಿಸಿಕೊಂಡು ಬಂಡೀಪುರದ ಕಾಡು ದಾಟಿ ಗಡಿಯಾಚೆಯ ಬತ್ತೇರಿಯ ತರಕಾರಿ ಮಂಡಿಗೆ ಹೋಗಿಬರುವುದರಲ್ಲೇ ಅವರ ಆಯಸ್ಸಿನ ಹೆಚ್ಚು ಭಾಗ ಕಳೆದಿತ್ತು. ಮಲಯಾಳ ನಮ್ಮ ಭಾಷೆಯಷ್ಟೇ ಸಲೀಸಾಗಿ ಬರುತ್ತಿತ್ತು. ನಾನು ಸಂತೆಮರಹಳ್ಳಿ ಕಡೆಯವಳು. ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದೆ. ಆ ವರ್ಷವೇ ಅವರ ಕಿಡ್ನಿಗಳು ಕೈಕೊಟ್ಟವು. ಆಮೇಲೆ ವಾರದಲ್ಲಿ ಮೂರು ದಿನ ಚಾಮರಾಜನಗರದ ಆಸ್ಪತ್ರೆಗೆ ಹೋಗುವ ಬೆಳಗಿನ ಬಸ್ಸು, ವಾಪಸು ಬರುವ ಸಂಜೆಯ ಬಸ್ಸು, ಇದೇ ನಮ್ಮ ಬದುಕಾಯಿತು.

"ಏನಾರ ಮಾತಾಡಮ್ಮಿ," ಅಂದರು ಒಂದು ದಿನ. ಅವರು ನನ್ನನ್ನು ಕರೆಯುತ್ತಿದ್ದದ್ದೇ ಅಮ್ಮಿ ಅಂತ. "ಸುಮ್ಕೆ ಕುಂತ್ರೆ ಆ ಮಿಷನ್ ಸದ್ದು ಕಿವೀಗ್ ಬೀಳ್ತದೆ."

"ಏನು ಮಾತಾಡ್ಲಿ?"

"ಕಾಲೇಜ್ನಲ್ಲಿ ಮಕ್ಕಳ್ಗೆ ಏನ್ ಯೋಳ್ತಿದ್ಯೋ ಅದ್ನೇ ಯೋಳು. ಪರೀಕ್ಷೆ ಮಾತ್ರ ಮಡಗಬ್ಯಾಡ."

ನನಗೆ ಥಟ್ಟನೆ ನೆನಪಾದವನು ಒಬ್ಬ ರೋಮನ್. ಮೈಸೂರಿನಲ್ಲಿ ಎಂ.ಎ. ಓದುವಾಗ ರೋಮಿನ ಚಕ್ರವರ್ತಿಗಳ ಬಗ್ಗೆ ಉರು ಹೊಡೆದು ಉರು ಹೊಡೆದು ಸಾಕಾಗಿದ್ದಾಗ, ಅವರ ಮಧ್ಯೆ ಈ ಒಬ್ಬ ಮನುಷ್ಯ ಸಿಕ್ಕಿದ್ದ. ಚಕ್ರವರ್ತಿಯಲ್ಲ, ಸೆನೆಟ್ ಸಭೆಯ ಸದಸ್ಯ, ಕೊನೆಗೊಂದು ಪ್ರಾಂತ್ಯದ ಗವರ್ನರ್. ಅವನ ಬಗ್ಗೆ ಅವನ ಅಳಿಯನೇ ಬರೆದಿಟ್ಟಿದ್ದರಿಂದ ಮನೆಯ ಸಂಗತಿಗಳೂ ಉಳಿದುಬಂದಿದ್ದವು. ಅವನ ಮೇಲೇ ಸಂಶೋಧನೆ ಮಾಡಬೇಕು ಅಂದುಕೊಂಡಿದ್ದೆ. ಮದುವೆಯಾಯಿತು, ಕೆಲಸ ಸಿಕ್ಕಿತು, ಅದು ಹಾಗೇ ಉಳಿಯಿತು.

ಹೆಸರು ಹೇಳಿದೆ. ಅವರು ಎರಡು ಸಲ ಪ್ರಯತ್ನಿಸಿ ಕೈಬಿಟ್ಟರು. "ಗವರ್ನರ್ ಅಂದ್ರೆ ಏನು, ಅಮಲ್ದಾರ್ರ?"

"ಅದಕ್ಕಿಂತ ಎಷ್ಟೋ ದೊಡ್ಡದು. ಕಂದಾಯ, ಕೋರ್ಟು, ಸೈನ್ಯ ಎಲ್ಲಾ ಅವನ ಕೈಯಲ್ಲೇ."

"ಇರ್ಲಿ ಬುಡು, ಅಮಲ್ದಾರ್ರು ಅನ್ಕತೀನಿ. ಯೋಳು."

ಅಂದಿನಿಂದ ರೋಮಿನ ಆ ದೊಡ್ಡ ಮನುಷ್ಯ ನಮ್ಮಿಬ್ಬರ ಬಾಯಲ್ಲಿ ಅಮಲ್ದಾರರಾದ.

ಮೊದಲ ದಿನ ಅಮಲ್ದಾರರ ಅಪ್ಪನ ಕಥೆ ಹೇಳಿದೆ. ಅಪ್ಪನೂ ಸೆನೆಟ್ ಸದಸ್ಯ. ಒಬ್ಬ ನಿರಪರಾಧಿಯ ಮೇಲೆ ಸುಳ್ಳು ಆರೋಪ ಹೊರಿಸು ಅಂತ ಚಕ್ರವರ್ತಿ ಹೇಳಿದಾಗ ಆಗುವುದಿಲ್ಲ ಅಂದ. ಅದಕ್ಕೆ ಅವನನ್ನು ಕೊಲ್ಲಿಸಿದರು. ಆಗ ಮಗ ಇನ್ನೂ ಕೂಸು. ಸಮುದ್ರದ ದಂಡೆಯ ಒಂದು ಊರಿನಲ್ಲಿ ತಾಯಿ ಒಬ್ಬಳೇ ಅವನನ್ನು ಬೆಳೆಸಿದಳು. ಹುಡುಗ ತತ್ವಶಾಸ್ತ್ರ ಅಂತ ಪುಸ್ತಕಗಳಲ್ಲಿ ಮುಳುಗಿಹೋದಾಗ ತಾಯಿಯೇ ಗದರಿಸಿ ಲೋಕದ ಕೆಲಸಕ್ಕೆ ಎಳೆದು ತಂದಳು.

"ಅವ್ವ ಗಟ್ಟಿಗಿತ್ತಿ," ಅಂದರು ನನ್ನ ಗಂಡ.

ಬಸ್ಸಿನಲ್ಲೂ ಕಥೆ ಮುಂದುವರಿಯಿತು. ತೆರಕಣಾಂಬಿ ದಾಟಿ, ಚೆಂಡುಹೂವಿನ ಹೊಲಗಳ ಪಕ್ಕದಲ್ಲಿ ಹೋಗುತ್ತಾ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೇಳುತ್ತಿದ್ದರು. ಅಮಲ್ದಾರರು ಹುಡುಗನಾಗಿದ್ದಾಗಲೇ ಸೈನ್ಯದ ಜೊತೆ ಬ್ರಿಟನ್ ದ್ವೀಪಕ್ಕೆ ಹೋದದ್ದು, ವಾಪಸು ಬಂದು ಮದುವೆಯಾದದ್ದು, ಆಮೇಲೆ ಒಂದೊಂದೇ ಮೆಟ್ಟಿಲಂತೆ ಸರ್ಕಾರಿ ಹುದ್ದೆಗಳು. ಒಂದು ಶ್ರೀಮಂತ ಪ್ರಾಂತ್ಯಕ್ಕೆ ಖಜಾನೆ ಅಧಿಕಾರಿಯಾಗಿ ಹಾಕಿದರು. ಮೇಲಿನವನು ಲಂಚಕೋರ, ನೀನೂ ತಿನ್ನು, ನನ್ನದೂ ಮುಚ್ಚಿಡು ಅನ್ನುವವನು. ಇವನು ಕೈ ಚಾಚಲಿಲ್ಲ.

"ಅಳಿಯ ಬರ್ದಿರೋದಲ್ವ, ಸ್ವಲ್ಪ ಜಾಸ್ತಿನೇ ಬರ್ದವ್ನೆ," ಅಂದು ನಕ್ಕರು. ಮರುಕ್ಷಣ, "ಆದ್ರೂ ಅಳೀನೇ ಇಂಗ್ ಬರೀಬೇಕು ಅಂದ್ರೆ ಮನುಷ್ಯ ಒಳ್ಳೆಯವ್ನೇ ಇರ್ಬೇಕು ಕಣಮ್ಮಿ," ಅಂದರು.

ಅವರಿಗೆ ಬೇಕಾಗಿದ್ದದ್ದು ಯುದ್ಧವಲ್ಲ, ದಾರಿ. ಎಷ್ಟು ದೂರ, ರಸ್ತೆ ಹೇಗಿತ್ತು, ಎತ್ತಿನ ಗಾಡಿಯಾ, ಹಡಗಾ, ಅಲ್ಲಿ ಊಟಕ್ಕೇನು, ಚಳಿ ಗೋಪಾಲಸ್ವಾಮಿ ಬೆಟ್ಟದಲ್ಲಿರುವಷ್ಟಾ? ಅರ್ಧ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಹಳೆಯ ಪುಸ್ತಕಗಳನ್ನು ತೆಗೆದು ಹುಡುಕುತ್ತಿದ್ದೆ. ಕಾಲೇಜಿಗೆ ಸೇರಿದ ಹೊಸತರಲ್ಲಿ ಬಿಟ್ಟರೆ ಪಾಠಕ್ಕೆ ನಾನು ಅಷ್ಟು ತಯಾರಿ ಮಾಡಿಕೊಂಡದ್ದೇ ಇಲ್ಲ.

ಒಳ್ಳೆಯ ದಿನಗಳು ಅಂದರೆ ಅವೇ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಉಮ್ಮತ್ತೂರಿನ ಒಬ್ಬ ಹೆಂಗಸು ಮಲಗುತ್ತಿದ್ದಳು. ಅವಳೂ ಕೇಳಿಸಿಕೊಳ್ಳುತ್ತಿದ್ದಳು. "ಮೇಡಮ್ಮೋರೆ, ಒಸಿ ಜೋರಾಗಿ ಯೋಳಿ," ಅನ್ನುತ್ತಿದ್ದಳು. ಮಳೆಗಾಲ ಶುರುವಾಗುವ ಹೊತ್ತಿಗೆ ಆ ಹಾಸಿಗೆಗೆ ಬೇರೆಯವರು ಬಂದರು. ನಾವು ಯಾರನ್ನೂ ಏನೂ ಕೇಳಲಿಲ್ಲ.

ಅಮಲ್ದಾರರ ಬದುಕಿನಲ್ಲಿ ಹತ್ತಿರದವರು ಒಬ್ಬೊಬ್ಬರಾಗಿ ಹೋಗುತ್ತಾರೆ. ಅಂತರ್ಯುದ್ಧದ ಸಮಯದಲ್ಲಿ ಹಡಗಿನ ಸೈನಿಕರು ಹಳ್ಳಿಗಳನ್ನು ದೋಚುತ್ತಾ ಬಂದು ಅವನ ತಾಯಿಯನ್ನು ಅವಳ ಹೊಲದ ಮನೆಯಲ್ಲೇ ಕೊಂದರು. ಅದನ್ನು ಹೇಳಿದ ದಿನ ನನ್ನ ಗಂಡ ಸಂಜೆಯವರೆಗೂ ಮಂಕಾಗಿದ್ದರು. ಅದಾದ ಮೇಲೆ ಅವನು ಸೈನ್ಯದ ದಳಪತಿಯಾದ, ಒಂದು ಪ್ರಾಂತ್ಯವನ್ನು ಆಳಿದ, ರೋಮಿಗೆ ಬಂದು ಅತ್ಯುನ್ನತ ಹುದ್ದೆಗೇರಿದ. ಮಗಳನ್ನು ಮದುವೆ ಮಾಡಿಕೊಟ್ಟ. ಕೊನೆಗೆ ಬ್ರಿಟನ್‌ಗೇ ಗವರ್ನರ್ ಆಗಿ ಹೋದ, ಹುಡುಗನಾಗಿ ಕಾಲಿಟ್ಟಿದ್ದ ಅದೇ ದ್ವೀಪಕ್ಕೆ. ಚಳಿಗಾಲದಲ್ಲಿ ಸ್ಥಳೀಯರಿಗೆ ಊರು ಕಟ್ಟಿಸುವುದು, ಧಾನ್ಯದ ಕಂದಾಯದಲ್ಲಿ ನಡೆಯುತ್ತಿದ್ದ ಮೋಸ ನಿಲ್ಲಿಸುವುದು. ಬೇಸಿಗೆಯಲ್ಲಿ ಉತ್ತರಕ್ಕೆ ದಂಡಯಾತ್ರೆ. ವರ್ಷ ವರ್ಷವೂ ಹಾಗೆ.

ಮುಂದಿನ ಭಾಗ ನನಗೆ ಗೊತ್ತಿತ್ತು. ಅದನ್ನು ಹಾರಿಸಿಬಿಡಬೇಕು ಅಂದುಕೊಂಡಿದ್ದೆ.

ನಮಗೂ ಒಂದು ಮಗು ಆಗಿತ್ತು. ಮದುವೆಯಾಗಿ ಬಹಳ ವರ್ಷಗಳ ಮೇಲೆ, ಆಸೆ ಬಿಟ್ಟ ಮೇಲೆ ಹುಟ್ಟಿದ ಗಂಡುಮಗು. ಏಳು ತಿಂಗಳಿದ್ದಾಗ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ಮೈಸೂರಿಗೆ ಕರೆದೊಯ್ಯುವ ದಾರಿಯಲ್ಲಿ ನನ್ನ ತೊಡೆಯ ಮೇಲೇ ಹೋಯಿತು. ಭೀಮನಬೀಡಿನ ಹೊಲದಲ್ಲಿ ಮಣ್ಣು ಮಾಡಿದರು. ಮಾರನೇ ದಿನ ಬೆಳಿಗ್ಗೆ ನನ್ನ ಗಂಡ ಲೋಡು ತೆಗೆದುಕೊಂಡು ಬತ್ತೇರಿಗೆ ಹೋದರು. ಎದೆಯಲ್ಲಿ ಹಾಲು ಕಟ್ಟಿಕೊಂಡು ನಾನು ಮನೆಯಲ್ಲಿದ್ದೆ. ಆ ಬೆಳಗಿನಲ್ಲಿ ಲಾರಿ ಸ್ಟಾರ್ಟ್ ಆದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಅಮಲ್ದಾರರ ಮಗುವಿನ ಭಾಗ ಬಿಟ್ಟು ನೇರವಾಗಿ ದೊಡ್ಡ ಯುದ್ಧಕ್ಕೆ ಹೋದೆ. ನನ್ನ ಮುಖವನ್ನೇ ನೋಡುತ್ತಿದ್ದರಲ್ಲ, ಹಿಡಿದುಬಿಟ್ಟರು.

"ಏನೋ ಬುಟ್ಟೆ."

"ಏನಿಲ್ಲ."

"ಏನೋ ಬುಟ್ಟೆ ಕಣಮ್ಮಿ. ಯೋಳು."

ಹೇಳಿದೆ. ಬ್ರಿಟನ್‌ನಲ್ಲಿದ್ದಾಗ ಅಮಲ್ದಾರರಿಗೆ ಒಂದು ಗಂಡುಮಗು ಹುಟ್ಟಿತ್ತು. ಹಿಂದೊಮ್ಮೆ ಒಬ್ಬ ಮಗನನ್ನು ಕಳೆದುಕೊಂಡಿದ್ದ, ಇದು ಎರಡನೆಯದು. ವರ್ಷ ತುಂಬುವ ಹೊತ್ತಿಗೆ ಅದೂ ತೀರಿಕೊಂಡಿತು. ಅವನು ಗಂಡಸುತನ ತೋರಿಸುವುದಕ್ಕೆ ಕಲ್ಲಾಗಿಯೂ ಇರಲಿಲ್ಲ, ಬಿದ್ದು ಹೊರಳಾಡಲೂ ಇಲ್ಲ. ಆ ಬೇಸಿಗೆಯಲ್ಲೇ ಸೈನ್ಯ ಕಟ್ಟಿಕೊಂಡು ಯುದ್ಧಕ್ಕೆ ಹೊರಟ.

ನನ್ನ ಗಂಡ ದಿಂಬಿನಿಂದ ತಲೆ ಸ್ವಲ್ಪ ಎತ್ತಿದರು. ಆಮೇಲೆ ಕೇಳಿದರು, "ಆ ಮಗೀನ ಎಸರೇನು?"

"ಬರೆದಿಲ್ಲ."

"ಎಸ್ರೂ ಬರ್ದಿಲ್ವಾ?"

"ಇಲ್ಲ."

ಅವತ್ತು ಸಂಜೆ ಬಸ್ಸಿನಲ್ಲಿ ಅವರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡರು. ಅದರ ಮುಂದಿನ ಸರದಿಗೆ, ಬೆಳಗಿನ ಬಸ್ಸಿನಲ್ಲಿ, ಕಂಬಿ ಹಿಡಿದುಕೊಂಡು ಮುಂದೆ ನೋಡುತ್ತಲೇ ಶುರುಮಾಡಿದರು.

"ಬತ್ತೇರಿ ಮಂಡೀಲಿ ಒಬ್ಬ ಸಾಹೇಬ್ರು ಅವ್ರೆ, ಅವ್ರ ಅಂಗ್ಡೀಗೇ ನಾನು ಮಾಲು ಆಕ್ತಿದ್ದದ್ದು. ಮಗ ಉಟ್ಟಿದಾಗ ಅವ್ರ್ಗೆ ಮಿಠಾಯಿ ಕೊಟ್ಟಿದ್ದೆ. ಮಣ್ ಮಾಡಿದ್ ಮಾರ್ನೇ ದಿನ ಮಂಡೀಗ್ ಓದ್ನಲ್ಲ, ಕೇಳುದ್ರು. ಮೋನ್ ಸುಖಂ ಆಣೋ ಅಂತ. ಮಗ ಚೆನ್ನಾಗವ್ನಾ ಅಂತ."

ನಾನು ಅವರ ಕಡೆ ತಿರುಗಿದೆ.

"ನಂಗೆ ಬಾಯೇ ಬರ್ನಿಲ್ಲ ಅಮ್ಮಿ. ಸುಖಂ ಅಂದ್ಬುಟ್ಟೆ."

"ಆಮೇಲೆ?"

"ಆಮೇಲೆ ಓದಾಗೆಲ್ಲ ಕೇಳೋರು. ಅಲ್ಲು ಬಂತಾ ಅನ್ನೋರು, ಬಂತು ಅಂತಿದ್ದೆ. ನಡೀತಾನಾ ಅನ್ನೋರು, ನಡೀತಾನೆ ಅಂತಿದ್ದೆ." ಅವರ ಗಂಟಲು ಒಣಗಿತ್ತು. ನೀರು ಹೆಚ್ಚು ಕುಡಿಯುವಂತಿರಲಿಲ್ಲ. ತುಟಿ ಮಾತ್ರ ಒದ್ದೆ ಮಾಡಿಕೊಂಡರು. "ಸ್ಕೂಲಿಗ್ ಸೇರುಸ್ದೆ ಕಣಮ್ಮಿ."

ಹೊರಗೆ ಅರಿಶಿನದ ಹೊಲ ಹಾದುಹೋಯಿತು. ಕಂಬಿಯ ಮೇಲಿದ್ದ ಅವರ ಕೈ ಮೇಲೆ ಕೈ ಇಟ್ಟೆ. ಡಯಾಲಿಸಿಸ್ಸಿಗೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದ ಆ ಕೈಯಲ್ಲಿ ರಕ್ತ ಗುರ್ ಗುರ್ ಎಂದು ಓಡುವುದು ಅಂಗೈಗೆ ಗೊತ್ತಾಗುತ್ತಿತ್ತು.

"ಎಲ್ಲೀವರೆಗೆ?" ಎಂದು ಕೇಳಿದೆ. "ಎಷ್ಟು ದೊಡ್ಡವನಾದ?"

"ದೊಡ್ಡೋನಾಗವ್ನೆ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಮುಂದುಕ್ ಯೋಳು. ಯುದ್ಧ ಗೆದ್ದ್ರಾ ಅಮಲ್ದಾರ್ರು?" ಅಂದರು.

ಗೆದ್ದ. ದ್ವೀಪದ ಉತ್ತರದ ತುದಿಯವರೆಗೂ ಗೆದ್ದ. ಆದರೆ ರೋಮಿನಲ್ಲಿ ಕುಳಿತಿದ್ದ ಹೊಸ ಚಕ್ರವರ್ತಿಗೆ ಹೊಟ್ಟೆಯುರಿ. ಇನ್ನೂ ದೊಡ್ಡ ಹುದ್ದೆ ಕೊಡುತ್ತೇನೆ ಅನ್ನುವ ಆಸೆ ತೋರಿಸಿ ವಾಪಸು ಕರೆಸಿಕೊಂಡ. ಸ್ವಾಗತ, ಗದ್ದಲ ಏನೂ ಬೇಡ ಅಂತ ಅಮಲ್ದಾರರು ಕತ್ತಲಾದ ಮೇಲೆ ಊರೊಳಗೆ ಬಂದರು. ಚಕ್ರವರ್ತಿ ಕೆನ್ನೆಗೊಂದು ಮುತ್ತಿಟ್ಟ, ಒಂದು ಮಾತೂ ಆಡಲಿಲ್ಲ. ಅಮಲ್ದಾರರು ಅರಮನೆಯ ಗುಂಪಿನಲ್ಲಿ ಕಳೆದುಹೋದರು. ಆಮೇಲೆ ಮತ್ತೊಂದು ಪ್ರಾಂತ್ಯದ ಸರದಿ ಬಂದಾಗ, ನೀನೇ ಬೇಡ ಅಂದರೆ ಕ್ಷೇಮ ಅಂತ ಯಾರೋ ಬಂದು ಸೂಚಿಸಿ ಹೋದರು. ಬೇಡ ಅಂದ. ಚಕ್ರವರ್ತಿ ಅದಕ್ಕೂ ಧನ್ಯವಾದ ಹೇಳಿಸಿಕೊಂಡ.

"ಅಷ್ಟ್ ದೂರ ಓಗಿ ದುಡ್ದೋನ್ಗೆ ಇಷ್ಟೇಯ," ಅಂದರು. ಸಿಟ್ಟು ಬಂದಿತ್ತು ಅವರಿಗೆ. ಆ ಸಿಟ್ಟು ನೋಡಿ ನನಗೆ ಖುಷಿಯಾಯಿತು. ಅಷ್ಟು ಹೊತ್ತಿಗೆ ಅವರಿಗೆ ಯಾವುದರ ಮೇಲೂ ಸಿಟ್ಟು ಮಾಡಿಕೊಳ್ಳುವ ಶಕ್ತಿ ಉಳಿದಿರಲಿಲ್ಲ.

ಕೊನೆಯ ಭಾಗವನ್ನು ಆಸ್ಪತ್ರೆಯಲ್ಲಿ ಹೇಳಲು ಮನಸ್ಸಾಗದೆ ಮನೆಯಲ್ಲಿ ಹೇಳಿದೆ. ಮಧ್ಯಾಹ್ನ ಜಗಲಿಯ ಮೇಲೆ ಮಂಚ ಹಾಕಿಕೊಂಡು ಮಲಗಿದ್ದರು. ಅಮಲ್ದಾರರು ಕಾಯಿಲೆ ಬಿದ್ದದ್ದು, ವಿಷ ಹಾಕಿಸಿದರು ಅಂತ ಜನ ಮಾತಾಡಿಕೊಂಡದ್ದು, ಮಗಳು ಅಳಿಯ ದೂರದ ಊರಿನಲ್ಲಿದ್ದು ಬರಲಾಗದೆ ಹೋದದ್ದು. ಕೊನೆಗಳಿಗೆಯಲ್ಲಿ ಮಗಳಿಗಾಗಿ ಅವನ ಕಣ್ಣು ಹುಡುಕಿರಬೇಕು ಅಂತ ಅಳಿಯ ಕೊರಗಿದ್ದು.

"ಎಂಡ್ತಿ ಇದ್ಲಾ ಪಕ್ಕದಲ್ಲಿ?"

"ಇದ್ದಳು. ಪಕ್ಕದಲ್ಲೇ ಕೂತಿದ್ದಳು."

"ಸಾಕ್ ಬುಡು," ಅಂದರು.

ಅದಾದ ಮೇಲೆ ಅವರು ಬಹಳ ದಿನ ಇರಲಿಲ್ಲ. ಒಂದು ಬೆಳಿಗ್ಗೆ ಬಸ್ಸಿಗೆ ಹೊರಡಲು ಎಬ್ಬಿಸಿದೆ, ಕಾಲು ನೆಲಕ್ಕೆ ಊರಲಾಗಲಿಲ್ಲ. ಆಟೋ ತರಿಸುತ್ತೇನೆ ಅಂದೆ, ಬೇಡ ಅಂತ ಕೈ ಆಡಿಸಿದರು. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು. ನಾನು ಪಕ್ಕದಲ್ಲೇ ಕೂತಿದ್ದೆ. ಏನಾದರೂ ಮಾತಾಡುತ್ತಿರಬೇಕಾಗಿತ್ತು ಅಂತ ಆಮೇಲೆ ಅನ್ನಿಸಿತು.

ನಮ್ಮವರ ಪದ್ಧತಿಯಂತೆ ಮೈತುಂಬ ವಿಭೂತಿ ಹಚ್ಚಿ, ಕೂರಿಸಿ, ಭೀಮನಬೀಡಿನ ಹೊಲದಲ್ಲಿ ಸಮಾಧಿ ಮಾಡಿದರು. ಮಗುವನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲೇ. ಅಲ್ಲಿ ಗುರುತಿಗೆ ಒಂದು ಕಲ್ಲೂ ಇರಲಿಲ್ಲ. ನಾನೇ ನಿಂತು ತೋರಿಸಬೇಕಾಯಿತು.

ಶಿವಗಣಾರಾಧನೆಯ ದಿನ ಆ ಹೊಲದ ಪಕ್ಕದಲ್ಲೇ ಊಟದ ಪಂಕ್ತಿ ನಡೆಯುತ್ತಿದ್ದಾಗ, ಬಿಳಿ ಮುಂಡು ಉಟ್ಟ ಒಬ್ಬ ಮುದುಕರು ಶಾಮಿಯಾನದ ಹೊರಗೆ ನಿಂತಿದ್ದರು. ನನಗೆ ಅವರ ಗುರುತಿರಲಿಲ್ಲ. ಅವರು ನನ್ನ ಮೈದುನನ ಮಗನನ್ನು ನೋಡಿ ನೆಟ್ಟಗೆ ಅವನ ಹತ್ತಿರ ಹೋದರು, ಅವನ ಎರಡೂ ಕೈ ಹಿಡಿದುಕೊಂಡು ಏನೋ ಹೇಳತೊಡಗಿದರು. ಹುಡುಗ ಗಾಬರಿಯಾಗಿ ನನ್ನ ಕಡೆ ನೋಡಿದ. ಅವರ ಬಾಯಿಂದ ಮೋನೇ, ಮೋನೇ ಅನ್ನುವ ಮಾತು ಕೇಳಿ ನಾನು ಅತ್ತ ಹೋದೆ.

ಮಂಡಿಯ ಸಾಹೇಬರು. ಲಾರಿ ಡ್ರೈವರೊಬ್ಬನಿಂದ ಸುದ್ದಿ ಗೊತ್ತಾಗಿ ಬಸ್ಸು ಹತ್ತಿ ಬಂದಿದ್ದರು.

ಅವರನ್ನು ಅಲ್ಲಿಂದ ಬಿಡಿಸಿ ಸಮಾಧಿಯ ಹತ್ತಿರ ಕರೆದುಕೊಂಡು ಹೋದೆ. ಅವರು ನಿಂತು ಕೈ ಮೇಲಕ್ಕೆತ್ತಿ ಪ್ರಾರ್ಥನೆ ಮಾಡಿದರು. ವ್ಯಾಪಾರದಿಂದ ಬಂದ ಅಷ್ಟಿಷ್ಟು ಕನ್ನಡ ಅವರಿಗಿತ್ತು.

"ಅವನು ಮಗ ಅಲ್ಲವಾ? ಮಗ ಎಲ್ಲಿ ಅಮ್ಮಾ?"

"ಇಲ್ಲ."

"ಊರಲ್ಲಿ ಇಲ್ಲವಾ?"

"ಇಲ್ಲ ಸಾಹೇಬ್ರೆ. ಇಲ್ಲೇ ಇದಾನೆ." ಪಕ್ಕದ ನೆಲ ತೋರಿಸಿದೆ.

ಅವರಿಗೆ ಅರ್ಥವಾಗಲಿಲ್ಲ. ನೆಲ ನೋಡಿದರು, ನನ್ನನ್ನು ನೋಡಿದರು. "ಯಾವಾಗ?"

"ಏಳು ತಿಂಗಳ ಮಗು ಆಗಿದ್ದಾಗ."

ಅವರು ಬದುವಿನ ಮೇಲೆ ಕೂತರು. ಬಿದ್ದೇಬಿಟ್ಟರೇನೋ ಅಂತ ನಾನು ತೋಳು ಹಿಡಿದೆ. ತಲೆಯ ಮೇಲಿನ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ಅತ್ತರು. ಗೆಳೆಯನ ಸಮಾಧಿಯ ಮುಂದೆ ತುಟಿ ಕಚ್ಚಿ ನಿಂತಿದ್ದವರು ಈಗ ಬಾಯಿಬಿಟ್ಟು ಅತ್ತರು. ನನ್ನ ಮಗ ಹೋದಾಗ ಜನ ನನಗೆ ಹೇಳಿದ್ದು, ಕೂಸು ತಾನೇ, ಇನ್ನೊಂದಾಗುತ್ತದೆ ಬಿಡು ಅಂತ. ಬೆಳೆದ ಮಗ ಸತ್ತರೆ ಹೇಗೆ ಅಳುತ್ತಾರೋ ಹಾಗೆ ಅವನಿಗಾಗಿ ಅತ್ತವರು ಇವರೊಬ್ಬರೇ. ಅವರ ಪಾಲಿಗೆ ಅವನು ಸತ್ತದ್ದು ಅವತ್ತೇ.

ಅಳು ನಿಂತ ಮೇಲೆ ಸಿಟ್ಟಾದರು. "ಮಗನಿಗೆ ಕಾಮಾಲೆ ಆದಾಗ ನನ್ನ ಹೆಂಡತಿ ಉಪವಾಸ ಮಾಡಿದಳು," ಅಂದರು ಸಮಾಧಿಯ ಕಡೆ ಕೈ ಮಾಡಿ. "ಈಗ ಅವಳಿಗೆ ಏನು ಹೇಳಲಿ? ಹೇಳಮ್ಮಾ, ಏನು ಹೇಳಲಿ?"

ನಾನೂ ಅವರ ಪಕ್ಕ ಬದುವಿನ ಮೇಲೆ ಕೂತೆ. ಆ ಕಡೆ ಶಾಮಿಯಾನದಲ್ಲಿ ಯಾರೋ ನನ್ನನ್ನು ಕರೆಯುತ್ತಿದ್ದರು.

"ಅವನಿಗೆ ಕಾಮಾಲೆ ಆಗಿತ್ತಾ?" ಎಂದು ಕೇಳಿದೆ.

ಸಾಹೇಬರು ನನ್ನ ಮುಖ ನೋಡಿದರು. ಆಮೇಲೆ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಹೇಳತೊಡಗಿದರು. ಮೂರನೇ ಕ್ಲಾಸಿನಲ್ಲಿದ್ದಾಗ ಆಗಿತ್ತಂತೆ. ತಡವಾಗಿ ನಡೆಯಲು ಕಲಿತನಂತೆ. ಆನೆ ಅಂದರೆ ಹೆದರಿಕೆ. ಒಮ್ಮೆ ಅಪ್ಪನ ಜೊತೆ ಲಾರಿಯಲ್ಲಿ ಹೊರಟವನು ಬಂಡೀಪುರದಲ್ಲಿ ಆನೆ ನೋಡಿ ಅತ್ತು, ಅರ್ಧ ದಾರಿಯಿಂದ ವಾಪಸು ಹೋದನಂತೆ. ಅದಕ್ಕೇ ಬತ್ತೇರಿಗೆ ಯಾವತ್ತೂ ಬರಲಿಲ್ಲವಂತೆ. ಅಪ್ಪ ಮಾರುವ ಬೀಟ್‌ರೂಟು ಮುಟ್ಟುವುದಿಲ್ಲ. ಲೆಕ್ಕದಲ್ಲಿ ಯಾವಾಗಲೂ ಹಿಂದೆ.

"ಅಮ್ಮ ಟೀಚರ್, ತುಂಬಾ ಬಯ್ಯುತ್ತಾಳೆ ಅಂತಿದ್ದ ಅವನ ಅಪ್ಪ. ಓದು ಓದು ಅಂತ. ನಾನು ಹೇಳಿದ್ದೆ, ಬಯ್ಯಬೇಡ ಅಂತ ಅಮ್ಮನಿಗೆ ಹೇಳು ಅಂತ."

ನಾನು ಬಯ್ದಿದ್ದೆ. ನನ್ನ ಮಗನನ್ನು ನಾನು ಓದು ಅಂತ ಬಯ್ದಿದ್ದೆ. ಬಾಯಿಗೆ ಸೆರಗು ತುಂಬಿಕೊಂಡೆ.

"ಆಮೇಲೆ?" ಅಂದೆ.

ಕಾಲೇಜಿಗೆ ಸೇರಿದನಂತೆ. ಮೀಸೆ ಬಂತಂತೆ. ಓದು ಬೇಡ, ಲಾರಿ ಓಡಿಸುತ್ತೇನೆ ಅಂತ ಹಟ ಹಿಡಿದನಂತೆ. ಅಷ್ಟರಲ್ಲಿ ನನ್ನ ಗಂಡನಿಗೆ ಕಾಯಿಲೆಯಾಗಿ ಬತ್ತೇರಿಗೆ ಹೋಗುವುದು ನಿಂತಿತ್ತು. ಅಲ್ಲಿಂದ ಮುಂದಿನದು ಸಾಹೇಬರಿಗೂ ಗೊತ್ತಿರಲಿಲ್ಲ.

ರಾತ್ರಿ ಬಂಡೀಪುರದ ಕಾಡಿನ ಗೇಟು ಮುಚ್ಚುವ ಮುಂಚೆ ಅವರು ಹೊರಡಬೇಕಿತ್ತು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನವರೆಗೆ ನಾನೂ ಆಟೋದಲ್ಲಿ ಜೊತೆಗೆ ಹೋದೆ. ಬಸ್ಸಿನ ಮೆಟ್ಟಿಲ ಮೇಲೆ ಅವರು ಕಾಲಿಟ್ಟಾಗ ತಡೆಯಲಾಗದೆ ಕೇಳಿದೆ, "ಎಷ್ಟು ಉದ್ದ ಇದ್ದ?"

ಅವರು ಮೆಟ್ಟಿಲಿಂದ ಕೆಳಗಿಳಿದರು. ನನ್ನ ಪಕ್ಕದಲ್ಲಿ ನಿಂತು, ಯೋಚಿಸಿ, ಅಂಗೈಯನ್ನು ಗಾಳಿಯಲ್ಲಿ ಎತ್ತಿ ತೋರಿಸಿದರು. ನನ್ನ ತಲೆಗಿಂತ ಒಂದು ಗೇಣು ಮೇಲೆ.